ಆರು ಟೋಪಿ

ಕೂತುಕೋ ಮೊಣ್ಣಪ್ಪ, ಆ ಟೈರಿನ ಮೇಲೆಯೇ.
ಸ್ಟೂಲಿನ ಕಾಲು ಹೋದ ವಾರ ಮುರಿಯಿತು.
ನಾಲ್ಕು ಮೇಲೆ, ಎರಡು ಬಂಪರಿಗೆ, ಒಟ್ಟು ಆರು ಲೈಟು.
ಹಾಕಿಕೊಡುತ್ತೇನೆ. ಹಂಸ ಆಗಲ್ಲ ಅಂದದ್ದನ್ನು
ಸಿದ್ದಾಪುರದಲ್ಲಿ ಯಾರೂ ಕೇಳಿಲ್ಲ.
ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ:
ಜನಕ್ಕೆ ಟೋಪಿ ಹಾಕುವುದು ನನ್ನ ಕಸುಬಲ್ಲ,
ಲೈಟಿಗೆ ಟೋಪಿ ಹಾಕದೆ ಗಾಡಿ ಬಿಡುವುದೂ ಇಲ್ಲ.

ನಗು, ನಗು.
ಪೊಲೀಸಿನ ಹೆದರಿಕೆ ಅಂದುಕೊಂಡೆಯಾ?
ಅದೂ ಇದೆ. ಕುಶಾಲನಗರದಲ್ಲಿ ಕೈ ಅಡ್ಡ ಹಿಡಿದರೆ
ದಂಡ ಕಟ್ಟುವವ ನೀನು, ಬೈಸಿಕೊಳ್ಳುವವ ನಾನು.
ಆದರೆ ಕತೆ ಅದಲ್ಲ.

ಆ ಹತ್ತರ ಸ್ಪ್ಯಾನರ್ ಕೊಡು. ಅದಲ್ಲ, ಪಕ್ಕದ್ದು.

ಹೋದ ವರ್ಷ, ಕಾಫಿ ಕುಯ್ಲಿನ ಸಮಯ,
ಪಾಲಿಬೆಟ್ಟದಿಂದ ಬರುತ್ತಿದ್ದೆವು, ನಾನು, ನಬೀಸ,
ಅವಳ ಮಡಿಲಲ್ಲಿ ಮೂವತ್ತು ಮೊಟ್ಟೆಯ ಟ್ರೇ.
ನೆಂಟರು ಬರುವವರಿದ್ದರು.
ನನ್ನ ಸ್ಕೂಟರಿನ ದೀಪ ನಿನಗೆ ಗೊತ್ತಲ್ಲ,
ಬೀಡಿಯ ಕೆಂಡಕ್ಕಿಂತ ಒಂದು ಚೂರು ಜಾಸ್ತಿ.
ಊರಿನ ಗಾಡಿಗೆಲ್ಲ ಬೆಳಕು ಹಾಕುವವನ
ಸ್ವಂತ ಗಾಡಿ ಯಾವತ್ತೂ ಕತ್ತಲೆಯೇ.

ತಿರುವಿನಲ್ಲಿ ಒಂದು ಜೀಪು ಬಂತು.
ಬಂತು ಎಂದರೆ, ಜೀಪು ಕಾಣಲಿಲ್ಲ.
ರಸ್ತೆ ಹೋಯಿತು, ಬೇಲಿ ಹೋಯಿತು,
ನನ್ನ ಕೈ ಹ್ಯಾಂಡಲಿನ ಮೇಲಿದೆಯೋ ಇಲ್ಲವೋ
ಅದೂ ಹೋಯಿತು. ಮಂಜೆಲ್ಲ ಒಟ್ಟಾಗಿ
ಸುಣ್ಣ ಬಳಿದ ಗೋಡೆಯ ಹಾಗೆ ನಿಂತಿತು.
ಚರಂಡಿಗೆ ಇಳಿದೆವು.

ಇಳಿಯುವ ಆ ಅರೆಗಳಿಗೆಯಲ್ಲಿ ನೋಡಿದೆ ನೋಡು:
ಮೇಲಿನ ಸಾಲಿನಲ್ಲಿ ಎಡದಿಂದ ಮೂರನೆಯದು
ಸ್ವಲ್ಪ ಬಲಕ್ಕೆ ವಾಲಿತ್ತು.
ಆ ವಾಲುವಿಕೆ ನನ್ನದು.
ಅದರ ಬೋಲ್ಟಿಗೆ ವಾಷರ್ ಸಿಗದೆ
ನಾಳೆ ಬಾ ಹಾಕುತ್ತೇನೆ ಎಂದು ಕಳಿಸಿದ್ದೆ,
ಅವನು ಬರಲಿಲ್ಲ, ನಾನೂ ಮರೆತೆ.
ನಾನೇ ಹೊತ್ತಿಸಿದ ಬೆಳಕು, ನನ್ನ ಕಣ್ಣಿಗೇ.

ಜೀಪು ನಿಲ್ಲಲಿಲ್ಲ. ನಿಲ್ಲಿಸಲು
ಅವನಿಗೆ ನಾವು ಕಾಣಬೇಕಲ್ಲ.
ಅಷ್ಟು ಬೆಳಕಿನ ಹಿಂದೆ ಕೂತವನಿಗೆ
ಎದುರಿನ ಬೀಡಿಯ ಕೆಂಡ ಎಲ್ಲಿ ಕಾಣುತ್ತದೆ?

ನಬೀಸ ಎದ್ದಳು. ಬುರ್ಖಾದ ತುಂಬ ಹಳದಿ.
ಹನ್ನೊಂದು ಮೊಟ್ಟೆ ಉಳಿದಿದ್ದವು, ಎಣಿಸಿದಳು.
ಆಮೇಲೆ ಕೇಳಿದಳು,
'ಯಾವ ಕಣ್ಣಿಲ್ಲದವ ಹಾಕಿಕೊಟ್ಟನಪ್ಪಾ
ಇಂಥ ಲೈಟು?'

ನಾನು ಪ್ಲಗ್ ಒರೆಸುತ್ತಿದ್ದೆ.
ಪ್ಲಗ್ಗಿಗೆ ಏನೂ ಆಗಿರಲಿಲ್ಲ.

ಇರಲಿ.
ಇಲ್ಲಿ ನೋಡು, ಈ ರಿಲೇ.
ಇದರ ವೈರನ್ನು ನಿನ್ನ ಹೈ ಬೀಮಿಗೆ ಕಟ್ಟುತ್ತೇನೆ.
ಎದುರಿಗೆ ಗಾಡಿ ಕಂಡು ನೀನು ಡಿಪ್ ಮಾಡಿದರೆ
ಮೇಲಿನ ನಾಲ್ಕೂ ತಾವಾಗಿಯೇ ಆರುತ್ತವೆ.
ನಿಮ್ಮ ಮನೆಯಲ್ಲಿ ಹಿರಿಯರು ಎದುರಾದರೆ
ಬಗ್ಗಿ ಕಾಲು ಮುಟ್ಟುತ್ತೀರಲ್ಲ,
ಮೊದಲು ಅವರು ಯಾರೆಂದು ವಿಚಾರಿಸುತ್ತೀರಾ?
ಹಾಗೆಯೇ ಇದು. ರಸ್ತೆಯಲ್ಲಿ
ಎದುರು ಬಂದವರೆಲ್ಲ ಹಿರಿಯರೇ.

ಬಂಪರಿನ ಎರಡು ಹಳದಿ, ನೆಲ ನೋಡಿಕೊಂಡಿರುತ್ತವೆ.
ಅವು ಮಂಜಿಗೆ. ಮಂಜಿಲ್ಲದಾಗ ಅವಕ್ಕೂ ರಜೆ.

ಆನೆಗೆ ಬೇಕಲ್ಲ ಅನ್ನುತ್ತೀಯ.
ಬೇಕು. ಅದೂ ಕತ್ತಲೆಯ ಬಣ್ಣದ್ದೇ ತಾನೆ.
ನಿಮ್ಮ ತೋಟದ ಗೇಟು ದಾಟಿದ ಮೇಲೆ ಇಳಿ,
ಟೋಪಿ ತೆಗೆ, ಬೇಕಾದಷ್ಟು ಉರಿಸು.
ಟಾರಿಗೆ ಬರುವ ಮೊದಲು ಮತ್ತೆ ಇಳಿ, ಹಾಕು.
ಮಳೆಯಲ್ಲಿ ಎರಡೆರಡು ಸಲ ಇಳಿಯುವುದು ಬೇಜಾರೇ.
ಲೈನ್ ಮನೆಯ ಹೆಂಗಸರು ಆ ಹೊತ್ತಿಗೆ
ಸೌದೆ ಹೊತ್ತು ಅದೇ ರಸ್ತೆಯಲ್ಲಿ ನಡೆಯುತ್ತಾರೆ,
ಅವರಿಗೆ ಟಾರ್ಚೂ ಇಲ್ಲ, ಕಣ್ಣೊಂದೇ.

ಹ್ಞಾಂ, ಈಗ ಸ್ವಿಚ್ ಒತ್ತು.
ಅಯ್ಯೋ, ಸಾಕು ಸಾಕು, ಆರಿಸು ಮಾರಾಯ,
ಎದುರಿನ ಬೇಕರಿಯವ ಲೋಟ ಬೀಳಿಸಿದ.

ಮೂರನೆಯದನ್ನು ಇನ್ನೊಮ್ಮೆ ಬಿಗಿ ಮಾಡುತ್ತೇನೆ, ತಡಿ.
ಬಿಲ್ಲಿನಲ್ಲಿ ಟೋಪಿಯ ದುಡ್ಡು ಹುಡುಕಬೇಡ, ಬರೆದಿಲ್ಲ.
ಹತ್ತೊಂಬತ್ತು ಮೊಟ್ಟೆಯ ಲೆಕ್ಕ
ನಬೀಸಳಿಗೆ ನಾನಿನ್ನೂ ಹೇಳಿಲ್ಲ.
ಹೇಳುವವರೆಗೆ ಈ ಅಂಗಡಿಯಲ್ಲಿ
ಟೋಪಿ ಪುಕ್ಕಟೆ.